ಐದು ಎಕರೆಗೆ ಯಾವ ಗಿಡ?

ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಟೌನ್‌ಹೌಸ್‌ಗಳ ಸಾಲು, ಕೊರಿಯನ್ ಅಂಗಡಿಗಳು, 66ನೇ ಹೆದ್ದಾರಿಯ ಟ್ರಾಫಿಕ್ಕು ಎಲ್ಲವನ್ನೂ ಹಿಂದೆ ಬಿಟ್ಟು ಕಾಂಪ್ಟನ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಸ್ವಲ್ಪ ಹೊತ್ತಿಗೇ ಪೇಟೆ ಮುಗಿದು ಹಳ್ಳಿ ಶುರುವಾಗುತ್ತದೆ. ಮನೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಬೇಲಿಯಾಚೆ ಕುದುರೆಗಳು ಮೇಯುತ್ತಿರುತ್ತವೆ. ರಸ್ತೆಯ ಎರಡೂ ಬದಿ ಮರಗಳು ಮೇಲೆ ಕೈ ಕೂಡಿಸಿರುತ್ತವೆ. ಈ ಹಳ್ಳಿ ತಾನಾಗಿ ಉಳಿದದ್ದಲ್ಲ. 1982ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಯ ಆಡಳಿತ ಮಂಡಳಿ, ಆಕೊಕ್ವಾನ್ ಜಲಾಶಯಕ್ಕೆ ನೀರು ಹರಿದು ಬರುವ ಸುಮಾರು 41 ಸಾವಿರ ಎಕರೆ ನೆಲದಲ್ಲಿ ಐದು ಎಕರೆಗೆ ಒಂದೇ ಮನೆ ಎಂದು ಕಟ್ಟುನಿಟ್ಟು ಮಾಡಿತು. ಜಲಾಶಯದ ನೀರು ಇಲ್ಲಿನ ಲಕ್ಷಾಂತರ ಜನ ಕುಡಿಯುವ ನೀರು. ಅದು ಕೆಡಬಾರದೆಂದರೆ ಅದರ ಜಲಾನಯನದಲ್ಲಿ ಡಾಂಬರಿಗಿಂತ ಮರ ಹೆಚ್ಚಿರಬೇಕು ಎಂಬ ಸರಳ ಲೆಕ್ಕ ಈ ನಿಯಮದ ಹಿಂದಿತ್ತು. ಬಿಲ್ಡರುಗಳು, ಜಮೀನುದಾರರು ಕೋರ್ಟಿಗೆ ಹೋದರು, ನಿಯಮ ಉಳಿಯಿತು.

ಹೀಗೆ ಉಳಿದ ಐದೈದು ಎಕರೆಯ ತುಂಡುಗಳನ್ನು ಈಚೆಗೆ ಕೆಲವು ಕನ್ನಡ ಕುಟುಂಬಗಳೂ ಕೊಳ್ಳುತ್ತಿವೆ. ಸೆಂಟರ್‌ವಿಲ್, ಶಾಂಟಿಲಿ, ಆಶ್‌ಬರ್ನ್ ಸುತ್ತ ಕನ್ನಡಿಗರು ಹೊಸಬರೇನಲ್ಲ. ಕಾವೇರಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದರೆ ಪಾರ್ಕಿಂಗ್ ಸಿಗುವುದೇ ಕಷ್ಟ. ಐದು ಎಕರೆ ಎಂದರೆ ಇನ್ನೂರು ಗುಂಟೆ. ತೀರ್ಥಹಳ್ಳಿಯ ತೋಟವನ್ನೋ ಕೋಲಾರದ ಮಾವಿನ ತೋಪನ್ನೋ ಬಿಟ್ಟು ಬಂದವರಿಗೆ ಅಷ್ಟು ನೆಲ ಕೈಗೆ ಬಂದ ಕೂಡಲೇ ಏನಾದರೂ ನೆಡಬೇಕು ಅನ್ನಿಸುತ್ತದೆ. ಏನು ನೆಡುವುದು ಎಂದು ಲ್ಯಾಂಡ್‌ಸ್ಕೇಪಿಂಗ್ ಮಾಡುವವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಗಡಿಗುಂಟ ಲೇಲ್ಯಾಂಡ್ ಸೈಪ್ರೆಸ್, ಗೇಟಿನಿಂದ ಮನೆಯವರೆಗೆ ಕ್ರೇಪ್ ಮರ್ಟಲ್, ಉಳಿದಿದ್ದಕ್ಕೆಲ್ಲ ಹುಲ್ಲುಹಾಸು. ಲೇಲ್ಯಾಂಡ್ ಸೈಪ್ರೆಸ್ ಬ್ರಿಟನ್ನಿನ ಎಸ್ಟೇಟೊಂದರಲ್ಲಿ ಹುಟ್ಟಿದ ಮಿಶ್ರತಳಿ. ಬೇಗ ಬೆಳೆಯುತ್ತದೆ, ಹದಿನೈದಿಪ್ಪತ್ತು ವರ್ಷಕ್ಕೆ ಕೊಂಬೆರೋಗ ಬಂದು ಸಾಲಿನ ನಡುನಡುವೆ ಕಂದುಬಣ್ಣಕ್ಕೆ ತಿರುಗುತ್ತದೆ. ಕ್ರೇಪ್ ಮರ್ಟಲ್ ನಮ್ಮ ಹೊಳೆದಾಸವಾಳದ ಖಾಸಾ ನೆಂಟ. ಅದಕ್ಕೇ ನಮ್ಮವರಿಗೆ ನೋಡಿದ ಕೂಡಲೇ ಹಿಡಿಸುತ್ತದೆ. ಕಾವೇರಿ ದಡದಲ್ಲಿ ಹೊಳೆದಾಸವಾಳಕ್ಕೆ ಅದರದೇ ಹುಳು, ಅದರದೇ ಹಕ್ಕಿ ಉಂಟು. ಸೆಂಟರ್‌ವಿಲ್ ಪಕ್ಕದ ಬುಲ್ ರನ್ ಹಳ್ಳದ ದಡದಲ್ಲಿ ಏಷ್ಯಾದ ಈ ಮರಕ್ಕೆ ಹೆಚ್ಚುಕಡಿಮೆ ಯಾರೂ ಇಲ್ಲ.

ಗಿಡ ಆರಿಸುವಾಗ ಮೊದಲು ನೆಲವನ್ನು ಕೇಳಬೇಕು, ಆಮೇಲೆ ಅಲ್ಲಿನ ಹುಳುಹಕ್ಕಿಯನ್ನು, ಮೂರನೆಯದಾಗಿ ನಮ್ಮ ಇಷ್ಟವನ್ನು. ಸಾಮಾನ್ಯವಾಗಿ ನಾವು ಇದನ್ನು ತಲೆಕೆಳಗು ಮಾಡುತ್ತೇವೆ. ಸರಿಯಾದ ಕ್ರಮದಲ್ಲಿ ಹೋದರೂ ನಮ್ಮ ಇಷ್ಟಕ್ಕೆ ಕೊರತೆ ಬೀಳುವುದಿಲ್ಲ. ವರ್ಜೀನಿಯಾದ ಕಾಡಿನಲ್ಲಿ ಸಂಪಿಗೆಯ ಬಳಗವೂ ಇದೆ, ಸೀತಾಫಲದ ಬಳಗವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿನ ಗಿಡ ಎಂದರೆ ಯಾವುದು? ಈ ಪ್ರಶ್ನೆಗೆ ಸೆಂಟರ್‌ವಿಲ್‌ನಷ್ಟು ಚೆನ್ನಾಗಿ ಉತ್ತರ ಹೇಳುವ ಊರು ಕಡಿಮೆ. 1861ರ ಜುಲೈ 21ರಂದು ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ಇಲ್ಲಿಂದ ಕೆಲವೇ ಮೈಲಿ ಆಚೆ, ಬುಲ್ ರನ್ ಹಳ್ಳದ ಪಕ್ಕದಲ್ಲಿ ನಡೆಯಿತು. ಅದರ ನಂತರ ದಕ್ಷಿಣದವರ ಸೈನ್ಯ ಜನರಲ್ ಜೋಸೆಫ್ ಜಾನ್‌ಸ್ಟನ್ ಕೈಕೆಳಗೆ ಇಡೀ ಚಳಿಗಾಲ ಸೆಂಟರ್‌ವಿಲ್‌ನಲ್ಲಿ ಬೀಡುಬಿಟ್ಟಿತು. ಗುಡಿಸಲಿಗೆ ದಿಮ್ಮಿ, ಒಲೆಗೆ ಸೌದೆ, ಕೋಟೆಗೆ ಕಂಬ ಎಲ್ಲಕ್ಕೂ ಸುತ್ತಲ ಕಾಡೇ ಗತಿ. ಫಿರಂಗಿ ಸಾಲದೆ ಮರದ ದಿಮ್ಮಿಗೆ ಕಪ್ಪು ಬಳಿದು ಶತ್ರುವನ್ನು ಹೆದರಿಸಲು ಸಾಲಾಗಿ ಇಟ್ಟಿದ್ದರು. 1862ರ ಮಾರ್ಚಿನಲ್ಲಿ ಸೈನ್ಯ ಹಿಂದೆ ಸರಿದ ಮೇಲೆ ಜಾರ್ಜ್ ಬರ್ನಾರ್ಡ್ ಎಂಬ ಛಾಯಾಗ್ರಾಹಕ ಬಂದು ತೆಗೆದ ಫೋಟೊಗಳು ಇಂದಿಗೂ ಇವೆ. ಅವುಗಳಲ್ಲಿ ಸೆಂಟರ್‌ವಿಲ್ ಬೋಳು ಗುಡ್ಡ. ಅದಕ್ಕೂ ಮೊದಲೇ ತಂಬಾಕು, ಗೋಧಿ, ಮೆಕ್ಕೆಜೋಳದ ಬೇಸಾಯ ನೆಲವನ್ನು ಸಾಕಷ್ಟು ಸವೆಸಿತ್ತು.

ಇಂದು ಅಲ್ಲಿ ಕಾಣುವ ಕಾಡು ಹೆಚ್ಚಿನ ಪಾಲು ಆ ಬಳಿಕ ತಾನೇ ಎದ್ದದ್ದು. ಬಿಟ್ಟ ಹೊಲಕ್ಕೆ ಮೊದಲು ಬರುವುದು ರೆಡ್‌ಸೀಡರ್ ಮತ್ತು ವರ್ಜೀನಿಯಾ ಪೈನ್. ರೆಡ್‌ಸೀಡರಿನ ಬೀಜವನ್ನು ಹಕ್ಕಿ ತರುತ್ತದೆ, ಪೈನಿನ ಬೀಜವನ್ನು ಗಾಳಿ ತರುತ್ತದೆ. ಇವುಗಳ ನೆರಳಿನಲ್ಲಿ ಓಕ್, ಹಿಕರಿ ಮೊಳೆಯುತ್ತವೆ. ಜೇ ಹಕ್ಕಿ ಮತ್ತು ಅಳಿಲು ಓಕ್ ಬೀಜವನ್ನು ಹೂತಿಟ್ಟು ಮರೆತುಬಿಡುತ್ತವೆ. ಆ ಮರೆವಿನಿಂದಲೇ ಇಲ್ಲಿನ ಎಷ್ಟೋ ಓಕ್ ಮರಗಳು ಹುಟ್ಟಿವೆ. ಓಕ್ ಮೇಲೆದ್ದ ಮೇಲೆ ಪೈನ್ ಸೋತು ಬೀಳುತ್ತದೆ. ಇಲ್ಲಿನ ಗಿಡ ಎಂದರೆ ಈ ಸರದಿಯಲ್ಲಿ ತನ್ನ ಜಾಗ ಇರುವ ಗಿಡ. ಯಾವ ಮಣ್ಣಿನಲ್ಲಿ, ಯಾವ ಹಂತದಲ್ಲಿ, ಯಾರ ನೆರಳಿನಲ್ಲಿ ಎಂಬುದು ಅದರ ಹೆಸರಿನಷ್ಟೇ ಮುಖ್ಯ. ಪಟ್ಟಿಯಲ್ಲಿ ವರ್ಜೀನಿಯಾದ ಗಿಡ ಎಂದಿದ್ದ ಮಾತ್ರಕ್ಕೆ ಅದು ನಿಮ್ಮ ಹಿತ್ತಲಿನ ಗಿಡವಾಗುವುದಿಲ್ಲ. ಕೊಡಗಿನದ್ದೂ ಕರ್ನಾಟಕದ ಮರ, ಕೊಪ್ಪಳದ್ದೂ ಕರ್ನಾಟಕದ ಮರ. ಒಂದನ್ನು ತಂದು ಇನ್ನೊಂದರ ಜಾಗದಲ್ಲಿ ಯಾರೂ ನೆಡುವುದಿಲ್ಲವಷ್ಟೆ.

ನೆಲದ ಮಾತಿಗೆ ಬರೋಣ. ಫೇರ್‌ಫ್ಯಾಕ್ಸಿನ ಪಶ್ಚಿಮದ ಅಂಚು ಭೂವಿಜ್ಞಾನಿಗಳು ಕಲ್ಪೆಪರ್ ಬೇಸಿನ್ ಎನ್ನುವ ತಗ್ಗಿಗೆ ಸೇರಿದ್ದು. ಅಟ್ಲಾಂಟಿಕ್ ಸಾಗರ ಬಾಯಿ ತೆರೆಯುವ ಕಾಲದಲ್ಲಿ, ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ನೆಲ ಕುಸಿದು ಕೆಂಪು ಹೂಳು ತುಂಬಿತು. ಅದೇ ಗಟ್ಟಿಯಾಗಿ ಕೆಂಪು ಪದರಗಲ್ಲಾಯಿತು. ಅದರ ಸಂದಿಗಳಲ್ಲಿ ಕರಗಿದ ಕಲ್ಲು ನುಗ್ಗಿ ಕಪ್ಪು ಡಯಾಬೇಸ್ ಆಯಿತು. ಸೆಂಟರ್‌ವಿಲ್‌ನ ಕಲ್ಲುಗಣಿಯಲ್ಲಿ ಇಂದು ಒಡೆಯುತ್ತಿರುವುದು ಆ ಡಯಾಬೇಸನ್ನೇ. ತೋಟಗಾರನಿಗೆ ಇದರಿಂದೇನು ಎಂದರೆ, ಒಂದೇ ಐದು ಎಕರೆಯಲ್ಲಿ ಎರಡು ಬಗೆಯ ಮಣ್ಣು ಸಿಗಬಹುದು. ಕೆಂಪು ಕಲ್ಲಿನ ಮೇಲಿನ ಮಣ್ಣು ತೆಳು, ನೀರು ಬಸಿಯುತ್ತದೆ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಡಯಾಬೇಸಿನ ಮೇಲಿನದು ಅಂಟು ಜೇಡಿ. ಮಳೆಯಾದಾಗ ಉಬ್ಬಿ ನೀರು ನಿಲ್ಲಿಸಿಕೊಳ್ಳುತ್ತದೆ, ಆಗಸ್ಟಿನಲ್ಲಿ ನಮ್ಮ ಎರೆಭೂಮಿಯ ಹಾಗೆ ಬಿರಿಯುತ್ತದೆ. ಅದರಲ್ಲಿ ಸುಣ್ಣ, ಮೆಗ್ನೀಷಿಯಂ ಅಂಶ ಹೆಚ್ಚು, ಹುಳಿ ಕಡಿಮೆ. ಹುಳಿಮಣ್ಣು ಬೇಡುವ ಬ್ಲೂಬೆರಿ, ಅಜೇಲಿಯಾ ಅಲ್ಲಿ ಸೊರಗುತ್ತವೆ. ರೆಡ್‌ಬಡ್, ರೆಡ್‌ಸೀಡರ್, ಹಿಕರಿ ಖುಷಿಯಾಗಿರುತ್ತವೆ. ಸೆಂಟರ್‌ವಿಲ್‌ಗೆ ಹತ್ತಿರದ ಎಲ್ಕ್‌ಲಿಕ್ ಎಂಬ ರಕ್ಷಿತ ಕಾಡು ಇಂಥ ಡಯಾಬೇಸ್ ಜೇಡಿಯ ಮೇಲೆ ನಿಂತ ಓಕ್-ಹಿಕರಿ ಕಾಡು. ಈ ಬಗೆಯ ಕಾಡು ಜಗತ್ತಿನಲ್ಲೇ ಅಪರೂಪ. ನಿಮ್ಮ ಜಮೀನು ಅದೇ ಮಣ್ಣಿನದಾದರೆ ಆ ಕಾಡೇ ನಿಮ್ಮ ಪಟ್ಟಿ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೆಯ ದಿನವೂ ನೀರು ನಿಂತಿದ್ದರೆ ಅದು ತೇವ ತಡೆಯುವ ಗಿಡಗಳ ಜಾಗ: ಬ್ಲ್ಯಾಕ್‌ಗಮ್, ಸ್ವಾಂಪ್ ವೈಟ್ ಓಕ್, ವಿಂಟರ್‌ಬೆರಿ, ಬಟನ್‌ಬುಷ್. ಕೆಲವೇ ಗಂಟೆಯಲ್ಲಿ ಇಂಗಿದರೆ ವೈಟ್ ಓಕ್, ಹಿಕರಿ, ಡಾಗ್‌ವುಡ್. ಇನ್ನೂ ಒಳ್ಳೆಯ ದಾರಿ ಎಂದರೆ ಬೇಲಿಯಂಚಿನಲ್ಲಿ, ಹಳ್ಳದ ಬದಿಯಲ್ಲಿ, ಯಾರೂ ಹುಲ್ಲು ಕತ್ತರಿಸದ ಮೂಲೆಯಲ್ಲಿ ತಾನಾಗಿ ಏನು ಬೆಳೆದಿದೆ ಎಂದು ನಿಂತು ನೋಡುವುದು. ಅಲ್ಲಿ ಬದುಕಿರುವುದು ನಿಮ್ಮಲ್ಲೂ ಬದುಕುತ್ತದೆ.

ಇನ್ನು ಹುಳುವಿನ ಮಾತು. ಕರಿಬೇವಿನ ಗಿಡ ಸಾಕಿದ ಯಾವ ಕನ್ನಡ ಮನೆಗೂ ಆ ಹಸಿರು ಹುಳು ಗೊತ್ತು. ಮೊದಲು ಹಕ್ಕಿಯ ಹಿಕ್ಕೆಯಂತೆ ಎಲೆಗೆ ಅಂಟಿಕೊಂಡಿರುತ್ತದೆ, ಆಮೇಲೆ ಹಸಿರಾಗಿ ದಪ್ಪಗೆ ಬೆಳೆದು ಎಲೆಯೆಲ್ಲ ಬೋಳಿಸುತ್ತದೆ, ಕೊನೆಗೆ ಕಪ್ಪು ಚಿಟ್ಟೆಯಾಗಿ ಹಾರುತ್ತದೆ. ಅದು ನಿಂಬೆಗೆ ಹೋದೀತು, ಕಿತ್ತಳೆಗೆ ಹೋದೀತು; ಪಕ್ಕದ ದಾಸವಾಳವನ್ನು ಮುಟ್ಟುವುದಿಲ್ಲ. ಎಲೆಯೊಳಗೆ ಗಿಡ ಕೂಡಿಟ್ಟ ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ಆ ಒಂದು ಕುಟುಂಬದ ಮಟ್ಟಿಗೆ ಮಾತ್ರ ಬಂದಿದೆ. ಅದು ಲಕ್ಷಾಂತರ ವರ್ಷದ ಒಡನಾಟದಿಂದ ಬಂದದ್ದು. ಎಲೆ ತಿನ್ನುವ ಹುಳುಗಳಲ್ಲಿ ಬಹುಪಾಲು ಹೀಗೇ.

ಅದೇ ಚಿಟ್ಟೆಯ ಬಳಗದ ಇನ್ನೊಂದು, ಸ್ಪೈಸ್‌ಬುಷ್ ಸ್ವಾಲೋಟೇಲ್, ಸೆಂಟರ್‌ವಿಲ್‌ನ ಹಳ್ಳದ ಬದಿಯಲ್ಲಿ ಸಿಗುತ್ತದೆ. ಸ್ಪೈಸ್‌ಬುಷ್ ಎಂಬುದು ಆಳೆತ್ತರದ ಪೊದೆ, ದಾಲ್ಚಿನ್ನಿಯ ಕುಟುಂಬದ್ದು. ಕಡ್ಡಿಯನ್ನು ಉಗುರಿನಿಂದ ಕೆರೆದರೆ ಘಮ್ಮೆನ್ನುತ್ತದೆ. ಜುಲೈನಲ್ಲಿ ಎಲೆಗಳನ್ನು ನೋಡುತ್ತ ಹೋದರೆ ಅಲ್ಲೊಂದು ಇಲ್ಲೊಂದು ಎಲೆ ಉದ್ದಕ್ಕೆ ಮಡಚಿ, ಅಂಚು ರೇಷ್ಮೆ ಎಳೆಯಿಂದ ಹೊಲಿದಂತಿರುತ್ತದೆ. ಬೆರಳಿನಿಂದ ಮೆಲ್ಲಗೆ ಬಿಡಿಸಿದರೆ ಒಳಗೆ ಹಸಿರು ಹುಳು, ನೆತ್ತಿಯ ಹಿಂದೆ ಕಪ್ಪು ಪಾಪೆ, ಬಿಳಿ ಹೊಳಪು ಇರುವ ಎರಡು ದೊಡ್ಡ ಕಣ್ಣು. ಅವು ನಿಜವಾದ ಕಣ್ಣಲ್ಲ, ಹಕ್ಕಿಗೆ ಹಾವೆಂದು ತೋರಿಸುವ ಬಣ್ಣ. ಮುಟ್ಟಿದರೆ ತಲೆ ಎತ್ತಿ ಕಿತ್ತಳೆ ಬಣ್ಣದ ಕೊಂಬು ಚಾಚುತ್ತದೆ, ಕರಿಬೇವಿನ ಹುಳು ಮಾಡುವ ಹಾಗೇ. ಆ ಪೊದೆಯ ಜಾಗದಲ್ಲಿ ಜಪಾನಿನ ಬಾರ್ಬೆರಿ ನೆಟ್ಟರೆ ಈ ಹುಳುವಿಗೆ ಅಲ್ಲಿ ಊಟವಿಲ್ಲ.

ಹುಳು ಇಲ್ಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ವಾಷಿಂಗ್ಟನ್ ಸುತ್ತಲ ಹಿತ್ತಲುಗಳಲ್ಲೇ ನಡೆದ ಅಧ್ಯಯನವೊಂದು ಉತ್ತರ ಹೇಳುತ್ತದೆ. ಕ್ಯಾರೊಲಿನಾ ಚಿಕಡೀ ಎಂಬುದು ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ. ತಲೆ ಕಪ್ಪು, ಕೆನ್ನೆ ಬಿಳಿ. ಒಂದು ಗೂಡಿನ ಮರಿಗಳನ್ನು ಸಾಕಿ ಹಾರಿಸಲು ಅದಕ್ಕೆ ಆರರಿಂದ ಒಂಬತ್ತು ಸಾವಿರ ಹುಳು ಬೇಕು. ಡೆಲವೇರ್ ವಿಶ್ವವಿದ್ಯಾಲಯದ ಡಗ್ಲಸ್ ಟಾಲಮಿ, ಅವರೊಂದಿಗೆ ಸಂಶೋಧನೆ ಮಾಡಿದ ಡೆಸಿರೆ ನರಾಂಗೊ ಮತ್ತು ಪೀಟರ್ ಮಾರಾ 2018ರಲ್ಲಿ ಪ್ರಕಟಿಸಿದ ಲೇಖನದ ಸಾರ ಇದು: ಹಿತ್ತಲಿನ ಗಿಡಮರಗಳಲ್ಲಿ ಶೇ 70ಕ್ಕಿಂತ ಹೆಚ್ಚು ಪಾಲು ಇಲ್ಲಿನವೇ ಆಗಿದ್ದಲ್ಲಿ ಮಾತ್ರ ಚಿಕಡೀ ಸಂತತಿ ಉಳಿಯುತ್ತದೆ. ಅದಕ್ಕಿಂತ ಇಳಿದರೆ ಹುಟ್ಟುವ ಮರಿಗಳ ಸಂಖ್ಯೆ ಸಾಯುವ ಹಕ್ಕಿಗಳ ಸಂಖ್ಯೆಯನ್ನು ತುಂಬುವುದಿಲ್ಲ. ನನಗೆ ಈ ಲೆಕ್ಕ ತುಂಬ ಸಮಾಧಾನ ಕೊಡುತ್ತದೆ. ಶೇ 30ರಷ್ಟು ಪಾಲಿನಲ್ಲಿ ಮನಸ್ಸಿಗೆ ಬಂದದ್ದನ್ನು ನೆಡಲು ಅದು ಬಿಡುತ್ತದೆ: ಅಂಜೂರವೋ, ದಾಳಿಂಬೆಯೋ, ಆ ಕ್ರೇಪ್ ಮರ್ಟಲ್ಲೋ. ಉಳಿದ ಶೇ 70ರ ಬಗ್ಗೆ ರಾಜಿ ಬೇಡ.

ಆ ಶೇ 70ರಲ್ಲಿ ಮೊದಲ ಹೆಸರು ಓಕ್. ಈ ಭಾಗದಲ್ಲಿ ಓಕ್ ಬಳಗದ ಮೇಲೆ ಐನೂರಕ್ಕೂ ಹೆಚ್ಚು ಜಾತಿಯ ಚಿಟ್ಟೆ ಪತಂಗಗಳ ಹುಳುಗಳು ಬದುಕುತ್ತವೆ ಎಂದು ಟಾಲಮಿ ಲೆಕ್ಕ ಹಾಕಿದ್ದಾರೆ. ಬೇರೆ ಯಾವ ಮರವೂ ಅದರ ಸಮಕ್ಕೆ ಬರುವುದಿಲ್ಲ. ಐದು ಎಕರೆಯವರು ಬೇರೇನೂ ಮಾಡದೆ ನಾಲ್ಕು ವೈಟ್ ಓಕ್ ನೆಟ್ಟು ಸುಮ್ಮನಾದರೂ ದೊಡ್ಡ ಕೆಲಸವೇ. ಓಕ್ ನಿಧಾನ ಎಂಬ ದೂರು ಪೂರ್ತಿ ನಿಜವಲ್ಲ. ಕುಂಡದಲ್ಲಿ ಬೇರು ಸುರುಳಿ ಸುತ್ತಿದ ದೊಡ್ಡ ಓಕ್ ನಿಧಾನ. ಮೊಣಕಾಲೆತ್ತರದ ಸಸಿ ಎರಡು ಮೂರು ವರ್ಷ ಬೇರಿಗೇ ಎಲ್ಲ ಹಾಕಿ, ಆಮೇಲೆ ವರ್ಷಕ್ಕೆ ಎರಡಡಿ ಏರುವುದೂ ಉಂಟು.

ಸರ್ಕಾರ ಹೇಳಿದ್ದನ್ನು ನೆಟ್ಟು ಕೆಟ್ಟ ಕತೆ ಇಲ್ಲೂ ಇದೆ, ನಮ್ಮಲ್ಲೂ ಇದೆ. ವಸಂತದಲ್ಲಿ ಸೆಂಟರ್‌ವಿಲ್‌ನ ಹೆದ್ದಾರಿ ಬದಿಯಲ್ಲಿ ಬಿಳಿ ಹೂ ಮುಚ್ಚಿ ನಿಲ್ಲುವ ಮರ ಬ್ರಾಡ್‌ಫರ್ಡ್ ಪೇರ್. ಚೀನಾದಿಂದ ತಂದ ಕ್ಯಾಲರಿ ಪೇರಿನಿಂದ ಅಮೆರಿಕದ ಕೃಷಿ ಇಲಾಖೆಯ ಕೇಂದ್ರವೊಂದು, ವಾಷಿಂಗ್ಟನ್ನಿನ ಪಕ್ಕದ ಮೇರಿಲ್ಯಾಂಡಿನ ಗ್ಲೆನ್ ಡೇಲ್‌ನಲ್ಲಿ ಈ ತಳಿ ಆರಿಸಿ, 1963ರಲ್ಲಿ ಜನರಿಗೆ ಬಿಟ್ಟಿತು. ಒಂದೇ ತಳಿ ಇದ್ದಾಗ ಕಾಯಿ ಕಟ್ಟುತ್ತಿರಲಿಲ್ಲ. ನರ್ಸರಿಗಳು ಹೊಸ ಹೊಸ ತಳಿ ತಂದವು, ಪರಸ್ಪರ ಪರಾಗ ಸೇರಿತು, ಹಕ್ಕಿಗಳು ಕಾಯಿ ತಿಂದು ಬೀಜ ಹರಡಿದವು. ಇಂದು ಬಿಟ್ಟ ಹೊಲವನ್ನೆಲ್ಲ ಅದು ಮುಳ್ಳುಪೊದೆಯಾಗಿ ಆವರಿಸುತ್ತಿದೆ. ದಕ್ಷಿಣ ಕ್ಯಾರೊಲಿನಾ 2024ರ ಅಕ್ಟೋಬರಿನಿಂದ ಅದರ ಮಾರಾಟವನ್ನೇ ನಿಷೇಧಿಸಿದೆ. ಉತ್ತರ ಕ್ಯಾರೊಲಿನಾದಲ್ಲಿ ಅದನ್ನು ಕಡಿದು ಫೋಟೊ ತೋರಿಸಿದವರಿಗೆ ಇಲ್ಲಿನ ಜಾತಿಯ ಗಿಡವನ್ನು ಪುಕ್ಕಟೆ ಕೊಡುತ್ತಾರೆ. ಆಟಮ್ ಆಲಿವ್ ಎಂಬ ಪೊದೆಯ ಕತೆಯೂ ಇದೇ: ಮಣ್ಣು ಕೊಚ್ಚದಿರಲೆಂದು, ಹಕ್ಕಿಗೆ ಹಣ್ಣಾಗಲೆಂದು ಇಲಾಖೆಯೇ ಹಂಚಿತು, ಈಗ ಕಿತ್ತಷ್ಟೂ ಮುಗಿಯುವುದಿಲ್ಲ.

ನಮ್ಮ ನೀಲಗಿರಿ ನೆನಪಾಗುತ್ತದೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳಿಗೆಲ್ಲ ಅದು ಬಂತು. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ, ಗೋಮಾಳದಲ್ಲಿ ರೇಯಾನ್ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಆ ಸತ್ಯಾಗ್ರಹಕ್ಕೆ ಕಿತ್ತಿಕೋ-ಹಚ್ಚಿಕೋ ಎಂದೇ ಹೆಸರು. ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಲು 2017 ಬರಬೇಕಾಯಿತು. ಐದು ಎಕರೆ ಕೊಂಡ ಕನ್ನಡಿಗರು ಕುಸನೂರಿನವರ ಕ್ರಮವನ್ನು ಹಾಗೇ ಹಿಡಿಯಬಹುದು: ಮೊದಲು ಕೀಳುವುದು, ಆಮೇಲೆ ಹಚ್ಚುವುದು. ಬ್ರಾಡ್‌ಫರ್ಡ್ ಪೇರ್, ಆಟಮ್ ಆಲಿವ್, ಟ್ರೀ ಆಫ್ ಹೆವೆನ್, ಬಾರ್ಬೆರಿ, ಮರಗಳನ್ನು ಹತ್ತಿ ಕತ್ತು ಹಿಸುಕುವ ಇಂಗ್ಲಿಷ್ ಐವಿ, ಏಷ್ಯಾದ ಬಿಟರ್‌ಸ್ವೀಟ್ ಬಳ್ಳಿ. ಇವನ್ನು ತೆಗೆದರೆ ಎಷ್ಟೋ ಕಡೆ ನೆಡುವ ಅಗತ್ಯವೇ ಇರುವುದಿಲ್ಲ. ಮಣ್ಣಿನಲ್ಲಿ ಕಾದಿದ್ದ ಬೀಜ ತಾನೇ ಏಳುತ್ತದೆ.

ಈಗ ನಮ್ಮ ಇಷ್ಟಕ್ಕೆ ಬರೋಣ. ಸಂಪಿಗೆ ಬೇಕು ಎನ್ನುವವರಿಗೆ ಸ್ವೀಟ್‌ಬೇ ಮ್ಯಾಗ್ನೋಲಿಯಾ ಇದೆ. ಸಸ್ಯಶಾಸ್ತ್ರಜ್ಞರು ಈಗ ನಮ್ಮ ಸಂಪಿಗೆಯನ್ನೂ ಮ್ಯಾಗ್ನೋಲಿಯಾ ಕುಲಕ್ಕೇ ಸೇರಿಸಿದ್ದಾರೆ. ಜೂನ್ ಹೊತ್ತಿಗೆ ಕೆನೆಬಣ್ಣದ ಹೂ, ನಿಂಬೆ ಬೆರೆತ ಪರಿಮಳ. ಗಾಳಿ ಬೀಸಿದಾಗ ಎಲೆಯ ಅಡಿಯ ಬೆಳ್ಳಿ ಬಣ್ಣ ಹೊರಳಿ ಕಾಣುತ್ತದೆ. ಅದರ ನಿಜವಾದ ನೆಲೆ ಫೇರ್‌ಫ್ಯಾಕ್ಸಿನ ಪೂರ್ವದ ಜೌಗು. ಸೆಂಟರ್‌ವಿಲ್‌ನಲ್ಲಾದರೆ ತೇವ ಆರದ ತಗ್ಗಿನಲ್ಲಿ ಮಾತ್ರ ನೆಡಿ. ಪಾರಿಜಾತ, ಮಲ್ಲಿಗೆಗಳ ಕುಟುಂಬದ ಫ್ರಿಂಜ್‌ಟ್ರೀ ಮೇ ತಿಂಗಳಲ್ಲಿ ಬಿಳಿ ನೂಲಿನ ಗೊಂಚಲು ಬಿಡುತ್ತದೆ, ಸಂಜೆಗೆ ನವಿರಾದ ಕಂಪು. ಯುಗಾದಿಯ ಆಸುಪಾಸಿನಲ್ಲಿ ಎಲೆ ಬರುವ ಮೊದಲೇ ಬೋಳು ಕೊಂಬೆಗೆ, ಕಾಂಡಕ್ಕೆ ಕೂಡ ಗುಲಾಬಿ ಮೊಗ್ಗು ಕಚ್ಚಿಕೊಳ್ಳುವ ರೆಡ್‌ಬಡ್ ನಮ್ಮ ಬಸವನಪಾದದ ಹತ್ತಿರದ ಸಂಬಂಧಿ. ಹೂವನ್ನು ತಿನ್ನಬಹುದು, ಸ್ವಲ್ಪ ಹುಳಿ. ಕೋಸಂಬರಿಗೆ ಹಾಕಿದರೆ ಚೆಂದ. ದೀಪಾವಳಿಯ ಕಾಲಕ್ಕೆ, ಉಳಿದ ಮರಗಳೆಲ್ಲ ಎಲೆ ಉದುರಿಸುತ್ತಿರುವಾಗ, ಹಳದಿ ಎಸಳಿನ ವಿಚ್ ಹೇಜಲ್ ಹೂ ಬಿಡುತ್ತದೆ.

ಹಣ್ಣಿನಲ್ಲಿ ಪಾಪಾ ಗಿಡಕ್ಕೆ ಮೊದಲ ಮಣೆ. ಹೆಸರು ಕೇಳಿ ಪಪಾಯಿ ಎಂದುಕೊಳ್ಳಬೇಡಿ. ಇದು ಸೀತಾಫಲದ ಕುಟುಂಬದಲ್ಲಿ ಉಷ್ಣವಲಯ ಬಿಟ್ಟು ಇಷ್ಟು ಉತ್ತರಕ್ಕೆ ಬಂದ ಮರ. ಬುಲ್ ರನ್ ದಡದಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಗುಂಪುಗುಂಪಾಗಿ ನಿಂತಿರುತ್ತದೆ, ಅಂಗೈಗಿಂತ ಉದ್ದದ ಎಲೆ ಜೋಲುಬಿದ್ದಿರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಹಣ್ಣು. ತಿರುಳು ಬಾಳೆಹಣ್ಣು ಮಾವಿನಹಣ್ಣು ಸೇರಿದ ರುಚಿ, ಸೀತಾಫಲದಂತೆ ಕೆನೆ, ಒಳಗೆ ಹುಣಸೆಬೀಜಕ್ಕಿಂತ ದೊಡ್ಡ ಬೀಜಗಳು. ಸಿಪ್ಪೆಯನ್ನೂ ಬೀಜವನ್ನೂ ತಿನ್ನಬಾರದು. ಕಿತ್ತ ಎರಡು ಮೂರು ದಿನಕ್ಕೆ ಹಣ್ಣು ಮೆತ್ತಗಾಗುವುದರಿಂದ ಅಂಗಡಿಗೆ ಬರುವುದೇ ಅಪರೂಪ, ನೆಟ್ಟವನೇ ತಿನ್ನಬೇಕು. ಒಂದು ಗಿಡದ ಬೇರಿನಿಂದ ಎದ್ದ ಮರಿಗಳೆಲ್ಲ ಒಂದೇ ಗಿಡ ಇದ್ದಂತೆ, ಅವುಗಳ ನಡುವೆ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಬೇರೆ ಬೇರೆ ಬೀಜದಿಂದ ಬಂದ ಎರಡು ಮೂರು ಗಿಡ ಬೇಕು. ಜೀಬ್ರಾ ಸ್ವಾಲೋಟೇಲ್ ಎಂಬ ಪಟ್ಟೆಪಟ್ಟೆ ಚಿಟ್ಟೆಯ ಹುಳು ಇದರ ಎಲೆ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಜಿಂಕೆ ಮಾತ್ರ ಇದನ್ನು ಮೂಸಿ ಬಿಟ್ಟುಹೋಗುತ್ತದೆ. ಇಷ್ಟು ಗುಣ ಒಂದರಲ್ಲೇ ಕೂಡಿದ ಗಿಡ ನನಗೆ ಇನ್ನೊಂದು ಕಂಡಿಲ್ಲ.

ಬೀಡಿಎಲೆ ಮರದ ಕುಲದ ಪರ್ಸಿಮನ್ ಕೂಡ ಇಲ್ಲಿನದೇ. ಹಣ್ಣು ಪೂರ್ತಿ ಮೆತ್ತಗಾಗುವ ತನಕ ಮುಟ್ಟಬಾರದು, ಬಾಯೆಲ್ಲ ಒಗರು. ಗಂಡು ಹೆಣ್ಣು ಬೇರೆ ಬೇರೆ ಮರ. ಸ್ಪೈಸ್‌ಬುಷ್, ವಿಂಟರ್‌ಬೆರಿ, ಹಾಲಿಗಳಿಗೂ ಅದೇ ಮಾತು. ಒಂದೇ ತಂದು ನೆಟ್ಟು ಕೆಂಪು ಹಣ್ಣಿಗೆ ಕಾಯುತ್ತ ಕೂತರೆ ಬರುವುದಿಲ್ಲ. ಸರ್ವಿಸ್‌ಬೆರಿ ಜೂನಿನಲ್ಲೇ ಹಣ್ಣು ಕೊಡುತ್ತದೆ. ಹಕ್ಕಿಗಿಂತ ಮೊದಲು ಕೈ ಹಾಕಿದರೆ ನಿಮಗೂ ಸಿಕ್ಕೀತು. ಅದನ್ನು ರೆಡ್‌ಸೀಡರಿನ ಪಕ್ಕ ನೆಡಬೇಡಿ, ಇಬ್ಬರ ನಡುವೆ ಓಡಾಡುವ ತುಕ್ಕುರೋಗವೊಂದಿದೆ.

ಹಳ್ಳಿಯ ಜಮೀನಿಗೆ ಪೇಟೆಯಲ್ಲಿಲ್ಲದ ಕೆಲವು ಎಚ್ಚರಗಳಿವೆ. ಐದು ಎಕರೆ ಮನೆಗಳಲ್ಲಿ ಬೋರ್‌ವೆಲ್ ನೀರು, ಸೆಪ್ಟಿಕ್ ಟ್ಯಾಂಕು. ಟ್ಯಾಂಕಿನ ನೀರು ಇಂಗುವ ಕೊಳವೆಗಳ ಮೇಲೆ ಯಾವ ಮರವನ್ನೂ ನೆಡಕೂಡದು, ಬೇರು ಹುಡುಕಿಕೊಂಡು ಬರುತ್ತದೆ. ಅಲ್ಲಿ ಹುಲ್ಲು, ಹೂಗಿಡ ಸಾಕು. ಪಕ್ಕದವರ ಕುದುರೆ ಬೇಲಿಗೆ ಬರುವಂತಿದ್ದರೆ ರೆಡ್ ಮೇಪಲ್, ಬ್ಲ್ಯಾಕ್ ಚೆರ್ರಿ ಅಲ್ಲಿ ಬೇಡ. ಮುರಿದುಬಿದ್ದು ಬಾಡಿದ ಅವುಗಳ ಎಲೆ ಕುದುರೆಗೆ ವಿಷ. ಬ್ಲ್ಯಾಕ್ ವಾಲ್‌ನಟ್ ಒಳ್ಳೆಯ ಮರವೇ, ಆದರೆ ಬೇರಿನಿಂದ ಬಿಡುವ ರಸಕ್ಕೆ ಟೊಮೆಟೊ, ಬದನೆ, ಮೆಣಸಿನಗಿಡ ಬಾಡುತ್ತವೆ. ತರಕಾರಿ ಮಡಿಯಿಂದ ದೂರವಿರಲಿ. ಆಶ್ ಮರವನ್ನು ಇನ್ನು ನೆಡುವ ಹಾಗಿಲ್ಲ. ಏಷ್ಯಾದಿಂದ ಬಂದ ಹಸಿರು ದುಂಬಿಯೊಂದು ಉತ್ತರ ವರ್ಜೀನಿಯಾದ ಆಶ್‌ಗಳನ್ನು ಹೆಚ್ಚುಕಡಿಮೆ ಮುಗಿಸಿದೆ. ಯಾವ ಮರಕ್ಕೆ ಮುಂದೆ ಯಾವ ರೋಗವೋ ಹೇಳಬರುವುದಿಲ್ಲ, ಅದಕ್ಕೇ ಒಂದೇ ಜಾತಿಯ ಸಾಲು ಬೇಡ, ಬೆರೆಸಿ ನೆಡಿ. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿದರೆ ಗ್ಯಾಸು, ಕೇಬಲ್ಲು ಎಲ್ಲಿದೆ ಎಂದು ಪುಕ್ಕಟೆ ಗುರುತು ಹಾಕಿಕೊಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಶತ್ರು ಜಿಂಕೆ. ಬೇಟೆಯಾಡುವ ಮೃಗಗಳು ಹೋದ ಮೇಲೆ ಅವುಗಳ ಸಂಖ್ಯೆ ಎಷ್ಟು ಏರಿದೆ ಎಂದರೆ ಕೌಂಟಿಯೇ ಪಾರ್ಕುಗಳಲ್ಲಿ ಬಿಲ್ಲುಬಾಣದ ಬೇಟೆಗೆ ಪ್ರತಿ ವರ್ಷ ಅವಕಾಶ ಕೊಡುತ್ತದೆ. ಓಕ್ ಸಸಿ, ಡಾಗ್‌ವುಡ್ ಅವಕ್ಕೆ ಮೊದಲ ತುತ್ತು. ಚಳಿಗಾಲದ ಮುನ್ನ ಗಂಡು ಜಿಂಕೆ ಕೊಂಬು ಉಜ್ಜಿ ಎಳೆ ಕಾಂಡದ ತೊಗಟೆ ಸುಲಿಯುತ್ತದೆ. ಹಾಗಾಗಿ ಪ್ರತಿ ಸಸಿಗೆ ಐದಡಿ ಎತ್ತರದ ತಂತಿಬಲೆಯ ಸುತ್ತು ಬೇಕೇ ಬೇಕು. ನೂರು ಸಸಿ ನೆಟ್ಟು ಬಲೆ ಹಾಕದಿರುವುದಕ್ಕಿಂತ ಇಪ್ಪತ್ತು ನೆಟ್ಟು ಇಪ್ಪತ್ತಕ್ಕೂ ಬಲೆ ಹಾಕುವುದು ಲೇಸು. ಸ್ಪೈಸ್‌ಬುಷ್, ಪಾಪಾ ಮಾತ್ರ ಬಲೆ ಇಲ್ಲದೆಯೂ ಬದುಕಿಯಾವು.

ನೆಡುವ ಕಾಲ ಅಕ್ಟೋಬರ್, ನವೆಂಬರ್. ಮಣ್ಣಿಲ್ಲದ ಬರಿ ಬೇರಿನ ಸಸಿಯಾದರೆ ಮಾರ್ಚ್, ಚಿಗುರೊಡೆಯುವ ಮೊದಲು. ಆಳಕ್ಕೆ ಹೂಳಬಾರದು. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮಟ್ಟಕ್ಕೆ ಕಾಣಬೇಕು. ತರಗೆಲೆಯನ್ನೋ ಮರದ ಚಕ್ಕೆಯನ್ನೋ ಸುತ್ತ ಹರಡಿ, ಕಾಂಡಕ್ಕೆ ತಾಗಿಸದೆ. ಪೇಟೆಯಲ್ಲೆಲ್ಲ ಕಾಂಡದ ಸುತ್ತ ಗುಡ್ಡೆ ಹಾಕುತ್ತಾರೆ. ತೊಗಟೆ ಕೊಳೆಯುವುದಕ್ಕೆ ಅಷ್ಟು ಸಾಕು. ಮೊದಲ ಎರಡು ಬೇಸಿಗೆ ನೀರು ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ.

ಜಮೀನಿನಲ್ಲಿ ಹಳ್ಳ ಹರಿಯುತ್ತಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ. 1988ರ ಚೆಸಪೀಕ್ ಕೊಲ್ಲಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವರ್ಷವಿಡೀ ಹರಿಯುವ ಹಳ್ಳದ ಎರಡೂ ಬದಿ ನೂರಡಿ ಗಿಡಮರ ಇರಬೇಕು, ಕಡಿಯಲು ಅಪ್ಪಣೆ ಬೇಕು. ಇದು ಕೌಂಟಿಯ ಎಷ್ಟೋ ಮನೆಗಳ ನಲ್ಲಿಗೇ ಸಂಬಂಧಿಸಿದ್ದು. ಇಲ್ಲೇ ಕಾಂಪ್ಟನ್ ರಸ್ತೆಯ ಶುದ್ಧೀಕರಣ ಘಟಕ 1978ರಿಂದ ಊರಿನ ಕೊಳಚೆಯನ್ನು ತಿಳಿ ನೀರು ಮಾಡಿ ಬುಲ್ ರನ್ ಕಡೆಗೆ ಬಿಡುತ್ತಿದೆ. ಅದು ಆಕೊಕ್ವಾನ್ ಸೇರಿ, ಮತ್ತೆ ಕುಡಿಯುವ ನೀರಾಗುತ್ತದೆ. ಅಷ್ಟು ಕಷ್ಟಪಟ್ಟು ತಿಳಿ ಮಾಡಿದ ನೀರಿಗೆ ನಮ್ಮ ಹುಲ್ಲುಹಾಸಿನ ಗೊಬ್ಬರ ಹರಿದು ಸೇರದಂತೆ ತಡೆಯುವುದು ದಡದ ಬೇರುಗಳು. ನೀರಂಚಿಗೆ ಸೈಕಮೋರ್, ರಿವರ್ ಬರ್ಚ್, ಬಟನ್‌ಬುಷ್. ಒಂದು ಮೆಟ್ಟಿಲು ಮೇಲೆ ಸ್ಪೈಸ್‌ಬುಷ್, ಪಾಪಾ. ನೆಲದಲ್ಲಿ ಏನೂ ಹಾಕದೆ ಒಂದೆರಡು ವಸಂತ ಕಾದು ನೋಡಿ. ಏಪ್ರಿಲ್ ನಡುವಿನಲ್ಲಿ ಬುಲ್ ರನ್ ಪಾರ್ಕಿನ ದಡವನ್ನು ನೀಲಿ ಮಾಡುವ ಬ್ಲೂಬೆಲ್ ನಿಮ್ಮಲ್ಲೂ ಅಡಗಿದ್ದೀತು.

ಗಿಡ ಎಲ್ಲಿ ಸಿಗುತ್ತದೆ? ವರ್ಜೀನಿಯಾ ಅರಣ್ಯ ಇಲಾಖೆ ಕ್ರಿಮೋರಾದ ತನ್ನ ನರ್ಸರಿಯಿಂದ ಬರಿ ಬೇರಿನ ಸಸಿಗಳನ್ನು ಅಗ್ಗಕ್ಕೆ ಕಟ್ಟುಕಟ್ಟಾಗಿ ಮಾರುತ್ತದೆ. ಉತ್ತರ ವರ್ಜೀನಿಯಾದ ಮಣ್ಣು-ನೀರು ಸಂರಕ್ಷಣಾ ಜಿಲ್ಲೆ ಪ್ರತಿ ವಸಂತದಲ್ಲಿ ಸಸಿ ಮಾರಾಟ ನಡೆಸುತ್ತದೆ. ಸ್ಪ್ರಿಂಗ್‌ಫೀಲ್ಡಿನ ಅರ್ತ್ ಸಂಘ ಎಂಬ ಸಂಸ್ಥೆ ಸುತ್ತಲ ಕಾಡುಗಳಲ್ಲೇ ಬೀಜ ಆಯ್ದು ಸಸಿ ಮಾಡುತ್ತದೆ. ಅಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿದರೆ ಗಿಡದ ಜೊತೆ ವಿದ್ಯೆಯೂ ಸಿಗುತ್ತದೆ. ಬೇರೆ ನರ್ಸರಿಗೆ ಹೋದರೆ ಮೂರು ಪ್ರಶ್ನೆ ಕೇಳಿ. ಬೀಜ ಎಲ್ಲಿಯದು? ಜಾರ್ಜಿಯಾದ ಬೀಜದ ರೆಡ್‌ಬಡ್ ಇಲ್ಲಿ ಬೇಗ ಚಿಗುರಿ ಹಿಮಕ್ಕೆ ಸಿಕ್ಕೀತು. ಕಾಡಿನ ಜಾತಿಯೋ, ತಿದ್ದಿದ ತಳಿಯೋ? ಹಸಿರೆಲೆಯನ್ನು ನೇರಳೆ ಮಾಡಿದ ತಳಿಗಳನ್ನು ಹುಳುಗಳು ಅಷ್ಟಾಗಿ ತಿನ್ನುವುದಿಲ್ಲ. ಕೊನೆಯದು, ನಿಯೋನಿಕೊಟಿನಾಯ್ಡ್ ಕೀಟನಾಶಕ ಕೊಟ್ಟು ಬೆಳೆಸಿದ್ದೇ? ಆ ವಿಷ ಎಲೆ, ಮಕರಂದದಲ್ಲೆಲ್ಲ ಸೇರಿರುತ್ತದೆ. ಹುಳುವಿಗೆಂದು ನೆಟ್ಟ ಗಿಡವೇ ಹುಳುವನ್ನು ಕೊಲ್ಲುತ್ತದೆ. ಅಂಗಡಿಯವರಿಗೆ ಉತ್ತರ ತಿಳಿಯದಿದ್ದರೆ ಗಿಡ ಎಷ್ಟೇ ಚೆಂದವಿರಲಿ, ಅಲ್ಲೇ ಬಿಟ್ಟು ಬನ್ನಿ.